ಸುಣ್ಣದ ತಿಳಿ ಹಚ್ಚಿದ ಕೈ

ಬುಧವಾರ ಬೆಳಿಗ್ಗೆ ಏಳೂವರೆಗೆ ಠಾಣೆಯ ಫೋನು ಬಡಿದುಕೊಂಡಿತು. ತಿ. ನರಸೀಪುರದ ಸರ್ಕಾರಿ ಆಸ್ಪತ್ರೆಯಿಂದ ಡಾಕ್ಟರ್ ನಂದಿತಾ. ರಾತ್ರಿಯಿಡೀ ನಿದ್ದೆಗೆಟ್ಟ ದನಿ.

"ಒಬ್ಬ ಪೇಷಂಟ್ ತೀರಿಕೊಂಡಿದ್ದಾನೆ. ಸಾಯೋ ಅಂಥ ಗಾಯ ಅಲ್ಲ ಅದು. ನನಗೆ ಯಾರೋ ಸುಳ್ಳು ಹೇಳಿದಾರೆ. ಬನ್ನಿ."

ಅಷ್ಟು ಹೇಳಿ ಫೋನಿಟ್ಟರು.

ನಾನು ಶಿವಮೂರ್ತಿ, ಎ.ಎಸ್.ಐ. ಇಪ್ಪತ್ತೊಂಬತ್ತು ವರ್ಷದ ಸರ್ವಿಸ್. ನನ್ನ ಮೇಲಧಿಕಾರಿ ಎಸ್.ಐ. ಮಾನಸ, ವಯಸ್ಸೇ ಇಪ್ಪತ್ತೊಂಬತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮೇಡಂಗೂ ಸಿಟ್ಟು ಬರುತ್ತದೆ, ಆದರೆ ಬಂದಾಗ ಅವರು ಇನ್ನಷ್ಟು ಮೆಲ್ಲಗೆ ಮಾತಾಡುತ್ತಾರೆ. ಆ ಬುಧವಾರ ಅವರು ಪಿಸುಗುಟ್ಟುವಷ್ಟು ಮೆಲ್ಲಗೆ ಮಾತಾಡಿದರು.

ಸತ್ತವನ ಹೆಸರು ಮಾರಯ್ಯ. ನಲವತ್ತೇಳು ವರ್ಷ, ಮುಡುಕುತೊರೆ ರಸ್ತೆಯ ಹಳ್ಳಿಯವನು, ಕೂಲಿ ಕೆಲಸ. ಪೇಟೆಯ ಹೊಸ ಕಲ್ಯಾಣ ಮಂಟಪದ ಗ್ರಾನೈಟ್ ನೆಲಕ್ಕೆ ಮೆತ್ತಿಕೊಂಡ ಸಿಮೆಂಟ್ ಕಲೆ ತೆಗೆಯಲು ಮಂಗಳವಾರ ಹೋಗಿದ್ದ. ಶುಕ್ರವಾರ ಅಲ್ಲಿ ಮೊದಲ ಮದುವೆ. ಆಸಿಡ್ ಕ್ಯಾನನ್ನು ಸೊಂಟದ ಮೇಲೆ ಹೊತ್ತು ಮೆಟ್ಟಿಲು ಹತ್ತುವಾಗ ಮುಚ್ಚಳ ಸಡಿಲವಾಗಿ ಬಲತೊಡೆಯ ಮೇಲೆ ಸುರಿದಿತ್ತು.

ನಂದಿತಾ ಬಟ್ಟೆ ಸರಿಸಿ ತೋರಿಸಿದರು. ಮೂರು ಅಂಗೈ ಅಗಲದ ಗಾಯ. ಬೊಬ್ಬೆ ಎದ್ದಿಲ್ಲ. ಚರ್ಮ ಬೂದಿ ಬಣ್ಣಕ್ಕೆ ತಿರುಗಿದೆ, ಅಷ್ಟೇ. ಅಡುಗೆಮನೆಯಲ್ಲಿ ಇದಕ್ಕಿಂತ ದೊಡ್ಡದಾಗಿ ಸುಟ್ಟುಕೊಂಡು ಬದುಕಿದವರನ್ನು ನಾನೇ ನೋಡಿದ್ದೇನೆ.

ರಾತ್ರಿ ಏಳೂವರೆಗೆ ಕರೆತಂದರಂತೆ. ಬಂದ ಕೂಡಲೇ ಅರ್ಧ ಗಂಟೆ ಹರಿಯುವ ನೀರಲ್ಲಿ ತೊಳೆದರು. ಮುಲಾಮು, ಡ್ರಿಪ್ಸ್, ನೋವಿನ ಇಂಜೆಕ್ಷನ್, ಆಸಿಡ್ ಗಾಯಕ್ಕೆ ಏನು ಮಾಡಬೇಕೋ ಎಲ್ಲ ಆಯಿತು. ಆದರೂ ಆ ಮನುಷ್ಯ ರಾತ್ರಿಯೆಲ್ಲ ನರಳಿದ. ಮೂಳೆಯೊಳಗೆ ಯಾರೋ ಕೊರೀತಿದಾರೆ ಅಂದನಂತೆ. ಬೆಳಗಿನ ಜಾವ ಕೈಬೆರಳು ಸೆಟೆದುಕೊಂಡವು. ಆಮೇಲೆ ಹೃದಯದ ಬಡಿತ ತಪ್ಪಿತು. ಎರಡು ಸಲ ಎದೆ ಒತ್ತಿ ಬದುಕಿಸಿದರು. ಮೂರನೇ ಸಲ ಆಗಲಿಲ್ಲ.

"ಯಾವ ಆಸಿಡ್ ಅಂತ ಮೂರು ಸಲ ಕೇಳಿದೆ," ಎಂದರು ನಂದಿತಾ. "ಕರ್ಕೊಂಡು ಬಂದವರು ಮೂರು ಸಲವೂ ಬಾತ್‌ರೂಮ್ ತೊಳೆಯೋ ಆಸಿಡ್ ಅಂದ್ರು. ಬಾತ್‌ರೂಮ್ ಆಸಿಡ್ ಇಷ್ಟು ಗಾಯಕ್ಕೆ ಹೃದಯ ನಿಲ್ಲಿಸೋದಿಲ್ಲ."

ಮಾರಯ್ಯನನ್ನು ಕೇಳಲಿಲ್ಲವೇ ಎಂದರು ಮೇಡಂ. ಕೇಳಿದ್ದರು. ಪಾಪ, ಅವನಿಗೆ ಗೊತ್ತಿದ್ದದ್ದು ಒಂದೇ. ಬಿಳೀ ಕ್ಯಾನು. ಅದರಲ್ಲೇನಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹೊರಗೆ ವರಾಂಡದಲ್ಲಿ ಹೆಂಡತಿ ಗೋವಿಂದಮ್ಮ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಮಂಟಪದ ನೆಲದ ಕೆಲಸದ ಸೂಪರ್‌ವೈಸರ್ ಮದನ್, ಮೂವತ್ನಾಲ್ಕರ ಯುವಕ. ಮಾರಯ್ಯನನ್ನು ಬೈಕಿನಲ್ಲಿ ಕರೆತಂದವನು ಅವನೇ. ರಾತ್ರಿಯಿಡೀ ಮಂಚದ ಪಕ್ಕ ಕೂತಿದ್ದನಂತೆ. ಕಣ್ಣು ಕೆಂಪಗಿದ್ದವು, ಅಂಗಿ ಮುದುಡಿತ್ತು. ಎಡಗೈ ಉಂಗುರಬೆರಳಿಗೆ ಪಟ್ಟಿ ಸುತ್ತಿತ್ತು. ಪಟ್ಟಿಯ ತುದಿಯಲ್ಲಿ ಬಿಳೀ ರಬ್ಬರು ಇಣುಕುತ್ತಿತ್ತು. ಅದರಂಚಿನಲ್ಲಿ ಏನೋ ಜೆಲ್ಲಿ ಜಿನುಗಿತ್ತು. ಮೇಡಂ ಕೇಳಿದ್ದಕ್ಕೆ, ಮೊನ್ನೆ ಸುತ್ತಿಗೆ ಏಟು ಬಿತ್ತು ಎಂದ. ಗೋವಿಂದಮ್ಮನಿಗೆ ಕಾಫಿ ತಂದುಕೊಟ್ಟಿದ್ದ. ಕಾಂಟ್ರಾಕ್ಟರ್ ನಂಜೇಶ್ ಮೈಸೂರಿನಲ್ಲಿ ಫೋನ್ ಸ್ವಿಚ್ ಆಫ್ ಮಾಡಿ ಕೂತಿದ್ದಾನೆ, ಈ ಹುಡುಗನಾದರೂ ನಿಂತಿದ್ದಾನಲ್ಲ ಎಂದುಕೊಂಡೆ.

ಆಗ ಗೋವಿಂದಮ್ಮ ಒಂದು ಮಾತು ಹೇಳಿದಳು.

"ಮಗಳೂ ಅಲ್ಲೇ ಕೆಲ್ಸಕ್ಕೆ ಓಗಿದ್ಲು ಸಾ. ಅವ್ಳ ಕೈಯೂ ಉರೀತಾ ಅದೆ ಅಂತ ರಾತ್ರಿ ಫೋನ್ ಮಾಡಿದ್ಲು."

ಬಾಗಿಲಲ್ಲಿ ನಿಂತಿದ್ದ ನಂದಿತಾ ಬಿಳಿಚಿಕೊಂಡರು. ಮೇಡಂನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಆ ಹುಡುಗೀನ ಈಗಲೇ ಕರ್ಕೊಂಡು ಬನ್ನಿ. ಅದರ ಜೊತೆಗೆ ಆ ಆಸಿಡ್‌ನ ಹೆಸರೂ ಬೇಕು. ಹೆಸರಿಲ್ದೆ ಹೋದ್ರೆ ಅಪ್ಪ ಸತ್ತ ಹಾಗೇ ಮಗಳು ಸಾಯೋದನ್ನೂ ನಾನು ನಿಂತು ನೋಡ್ಬೇಕು."

* * *

ಕಲ್ಯಾಣ ಮಂಟಪ ಹಳ್ಳಿಯ ದಾರಿಯಲ್ಲೇ ಸಿಗುತ್ತದೆ. ಐದು ನಿಮಿಷ ನಿಂತೆವು. ಮದನ್ ಬೈಕಿನಲ್ಲಿ ಮುಂದೆ ಬಂದು ಬೀಗ ತೆಗೆದ.

ಅರ್ಧ ನೆಲ ಕನ್ನಡಿಯಾಗಿತ್ತು, ಉಳಿದರ್ಧ ಸಿಮೆಂಟ್ ಚುಕ್ಕೆ. ಒಂದೇ ದಿನದಲ್ಲಿ ಅಷ್ಟು ಕೆಲಸ. ಮೂಲೆಯಲ್ಲಿ ಅರ್ಧ ಖಾಲಿಯಾದ ಬಿಳೀ ಕ್ಯಾನು. ಮೇಲೆ ಚೀಟಿ ಅಂಟಿಸಿತ್ತು: ಬಸವಣ್ಣ, ಫಿನೈಲ್ ಮತ್ತು ಆಸಿಡ್ ವ್ಯಾಪಾರಿಗಳು, ನಂಜನಗೂಡು. ನಿನ್ನೆ ಬಳಸಿದ್ದು ಇದನ್ನೇ, ಬೇರೆ ಕ್ಯಾನಿಲ್ಲ ಎಂದ ಮದನ್.

ನನಗೆ ಮೈ ಉರಿದುಹೋಯಿತು. ಅಂಗಡಿಯವನು ಏನನ್ನೋ ಬೆರೆಸಿ ಮಾರಿದ್ದಾನೆ. ಅಲ್ಲೇ ನಿಂತು ನಂಜನಗೂಡು ಠಾಣೆಯ ಗೆಳೆಯನಿಗೆ ಫೋನ್ ಮಾಡಿ, ಆ ಬಸವಣ್ಣನನ್ನು ಎತ್ತಿಕೊಂಡು ಬಂದು ಬೆಂಚಿನ ಮೇಲೆ ಕೂರಿಸು ಎಂದೆ. ಮೇಡಂ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಕ್ಯಾನಿಗೆ ಸೀಲು ಹಾಕಿ ಜೀಪಿನಲ್ಲಿಟ್ಟೆವು. ಮದನ್‌ನನ್ನು ಆಸ್ಪತ್ರೆಗೆ ವಾಪಸು ಕಳಿಸಿ, ಗೋವಿಂದಮ್ಮನ ಜೊತೆಗಿರಲು ಹೇಳಿದರು.

* * *

ಹುಡುಗಿ ಕವನ. ಇಪ್ಪತ್ತೊಂದು ವರ್ಷ. ಸೀರೆ ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕಸುಬು. ನರಸೀಪುರದ ಎರಡು ಸೀರೆ ಅಂಗಡಿಯವರು ಅವಳ ಕೈಗೇ ಕೊಡುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಆಷಾಢದಲ್ಲಿ ಮದುವೆಯಿಲ್ಲ, ಕುಚ್ಚಿನ ಕೆಲಸವೂ ಇರಲಿಲ್ಲ. ಆಷಾಢ ಮುಗಿದರೂ ಸೀರೆಗಳು ಇನ್ನೂ ಬರಬೇಕಿತ್ತು. ಎರಡು ದಿನದ ಕೂಲಿಗೆಂದು ಅಪ್ಪನ ಜೊತೆ ನೆಲ ತೊಳೆಯಲು ಹೋಗಿದ್ದಳು.

ಮನೆಯ ಜಗುಲಿಯಲ್ಲಿ ಕೂತಿದ್ದಳು. ಬಲಗೈ ಮಡಿಲಲ್ಲಿತ್ತು. ಎಡಗೈಯನ್ನು ಮೇಲೆತ್ತಿ ಹಿಡಿದಿದ್ದಳು. ಅತ್ತು ಅತ್ತು ಕಣ್ಣೀರು ಮುಗಿದಂತಿತ್ತು. ಎಡಗೈ ಮುಂಗೈವರೆಗೂ ಪ್ಲಾಸ್ಟಿಕ್ ಕವರು, ಅದರ ಮೇಲೆ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ತಾತ ಚಲುವಯ್ಯ, ಎಂಬತ್ತರ ಹತ್ತಿರ. ಕಂಚಿನ ಬಟ್ಟಲಲ್ಲಿ ಬೆಳ್ಳಗಿನ ಎಣ್ಣೆಯೊಂದನ್ನು ಬೆರಳಲ್ಲಿ ತಿರುವುತ್ತಿದ್ದ.

ನಮ್ಮ ಮಾರ ಎಂಗವ್ನೆ ಎಂದು ಮುದುಕ ಕೇಳಿದ. ಡಾಕ್ಟರು ನೋಡ್ತಿದಾರೆ ಎಂದೆ. ಪೊಲೀಸ್ ಕೆಲಸದಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಅದರಷ್ಟು ಭಾರದ್ದು ಇನ್ನೊಂದಿಲ್ಲ.

ಮೇಡಂ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. ನಿನ್ನೆ ಆದದ್ದನ್ನೆಲ್ಲ ಕೇಳಿದರು. ಬೆಳಿಗ್ಗೆ ಹನ್ನೊಂದಕ್ಕೆ ಮದನ್ ಕ್ಯಾನ್ ಬಿಚ್ಚಿ ಬಕೆಟ್ ನೀರಿಗೆ ಬೆರೆಸಿಕೊಟ್ಟ. ಕೊಟ್ಟ ಗ್ಲೌಸು ಹರಿದಿತ್ತು, ಕೇಳಿದರೆ ನಾಳೆ ತರ್ತೀನಿ ಎಂದ. ಅಪ್ಪನ ಮೇಲೆ ಕ್ಯಾನ್ ಸುರಿದದ್ದು ಹನ್ನೆರಡಕ್ಕೆ. ಒಂದು ಚೆಂಬು ನೀರು ಹುಯ್ದುಕೊಂಡು ಅದೇ ಒದ್ದೆ ಪ್ಯಾಂಟಿನಲ್ಲಿ ಕೆಲಸ ಮುಂದುವರಿಸಿದ. ಆಗ ಉರಿಯೇನೂ ಇರಲಿಲ್ಲ. ನಾಲ್ಕು ಗಂಟೆಗೆ ಶುರುವಾಯಿತು. ಅವಳ ಎಡಗೈಗೂ ಆಗಲೇ. ಮದನ್ ಯಾವುದೋ ಮುಲಾಮು ಸವರಿ ಕವರು ಸುತ್ತಿ, ಬೆಳಗಾಗುವವರೆಗೂ ಬಿಚ್ಚಬೇಡ ಎಂದ. ಅಪ್ಪನಿಗೆ ಔಷಧಿ ತರ್ತೀನಿ ಎಂದು ಬೈಕ್ ಹತ್ತಿ ಹೋದ. ಬಂದದ್ದು ಏಳೂಕಾಲಿಗೆ. ಅಪ್ಪನನ್ನು ಬೈಕ್ ಹತ್ತಿಸಿಕೊಂಡು, ನೀನು ಮನೆಗೆ ಹೋಗು ಎಂದ.

ಮೂರು ಗಂಟೆ ಆ ಮನುಷ್ಯ ಮಂಟಪದ ಮೆಟ್ಟಿಲ ಮೇಲೆ ಕೂತು ದಾರಿ ನೋಡಿದ್ದಾನೆ.

"ಬಲಗೈ ಏನಾಯ್ತು?" ಎಂದರು ಮೇಡಂ.

"ಮನೇಗ್ ಬಂದ್ಮೇಲೆ ಅದೂ ಉರೀತು ಮೇಡಂ. ತಾತ ಸುಣ್ಣದ ತಿಳಿ ಅಚ್ತು. ಈಗ ಎಷ್ಟೋ ವಾಸಿ. ಎಡಗೈ ಮಾತ್ರ ತಡಿಯಕಾಗದು."

ಚಲುವಯ್ಯ ವಿವರಿಸಿದ. ಎಲೆಅಡಿಕೆಯ ಸುಣ್ಣವನ್ನು ನೀರಲ್ಲಿ ಕದಡಿ, ಮೇಲಿನ ತಿಳಿ ಬಸಿದು, ಕೊಬ್ಬರಿ ಎಣ್ಣೆ ಹಾಕಿ ತಿರುವಿದರೆ ಬೆಣ್ಣೆ ಹಾಗಾಗುತ್ತದೆ. ಅವನ ಮನೆಯಲ್ಲಿ ಯಾರು ಸುಟ್ಟುಕೊಂಡರೂ ಅದೇ ಔಷಧಿ. ರಾತ್ರಿಯಿಂದ ಗಂಟೆಗೊಂದು ಸಲ ಹಚ್ಚಿದ್ದಾನೆ. ಎಡಗೈಗೆ ಯಾಕೆ ಹಚ್ಚಲಿಲ್ಲ ಎಂದು ಕೇಳಿದ್ದಕ್ಕೆ ಮುದುಕ ನಮ್ಮನ್ನೇ ಪೆದ್ದರ ಹಾಗೆ ನೋಡಿದ.

"ಡಾಕ್ಟ್ರು ಕಟ್ಟಿದ ಪಟ್ಟೀನ ನಾವು ಬಿಚ್ಚಬೌದಾ ಸಾ?"

ಪ್ಲಾಸ್ಟಿಕ್ ಕವರಿಗೆ ಡಾಕ್ಟರ ಮರ್ಯಾದೆ. ಅದನ್ನು ಕಟ್ಟಿದವನು ನೆಲ ತೊಳೆಸುವ ಸೂಪರ್‌ವೈಸರ್ ಎಂದು ಹುಡುಗಿ ನೋವಿನಲ್ಲಿ ಹೇಳಿರಲಿಲ್ಲ, ಮುದುಕ ಕೇಳಿರಲಿಲ್ಲ.

ಮೇಡಂ ಅವಳ ಬಲಗೈಯನ್ನೇ ನೋಡುತ್ತಿದ್ದರು. ಗಾಯವನ್ನಲ್ಲ, ಬಳೆಯನ್ನು. ಆರು ಹಸಿರು ಗಾಜಿನ ಬಳೆ. ಮೇಲಿನ ನಾಲ್ಕು ಮಿರಮಿರ ಮಿನುಗುತ್ತಿದ್ದವು. ಮಣಿಕಟ್ಟಿನ ಹತ್ತಿರದ ಎರಡು ಮಂಕಾಗಿ, ಉಜ್ಜುಕಾಗದದಲ್ಲಿ ತಿಕ್ಕಿದಂತೆ ಬೆಳ್ಳಗಾಗಿದ್ದವು. ಹಳೇ ಬಳೆಯಾ ಎಂದು ಕೇಳಿದರು. ಅಲ್ಲ, ಆರೂ ಭಾನುವಾರ ಒಟ್ಟಿಗೆ ತೊಟ್ಟಿದ್ದು ಎಂದಳು.

ಮೇಡಂ ಎದ್ದು ನಂದಿತಾಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು. ಸುಣ್ಣದ ತಿಳಿ ಹಚ್ಚಿದ ಕೈಯ ನೋವು ಇಳಿದಿದೆ, ಹಚ್ಚದ ಕೈಯದು ಏರಿದೆ ಎಂದರು. ಗಾಜಿನ ಬಳೆ ಮಂಕಾಗಿದೆ ಎಂದರು.

"ಗಾಜನ್ನ ತಿನ್ನೋ ಆಸಿಡ್ ಒಂದೇ," ಎಂದರು ನಂದಿತಾ. "ಹೈಡ್ರೋಫ್ಲೋರಿಕ್. ಅದು ಮೈಯೊಳಗೆ ಇಳಿದು ಕ್ಯಾಲ್ಸಿಯಂ ಹೀರುತ್ತೆ. ಸುಣ್ಣದಲ್ಲಿ ಒಂಚೂರು ಕ್ಯಾಲ್ಸಿಯಂ ಇದೆ, ಅದಕ್ಕೇ ಆ ಕೈ ತಡಕೊಂಡಿದೆ. ಅದನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ. ಕವರ್ ಬಿಚ್ಚಿ. ದಾರಿಯುದ್ದಕ್ಕೂ ನೀರು ಹುಯ್ತಾ ಬನ್ನಿ."

ಕವರು ಬಿಚ್ಚಿದೆವು. ಬೆರಳ ತುದಿಗಳು ಕಪ್ಪಿಟ್ಟಿದ್ದವು. ಮುದುಕ ಅದನ್ನು ನೋಡಿ ಬಟ್ಟಲು ಕೆಳಗಿಟ್ಟ.

ಎರಡು ಬಿಂದಿಗೆ ನೀರು ಜೀಪಿಗೆ ಹಾಕಿಕೊಂಡೆವು. ಮೇಡಂ ಹಿಂದಿನ ಸೀಟಿನಲ್ಲಿ ಕೂತು ಚೆಂಬಿನಲ್ಲಿ ಹುಯ್ಯುತ್ತಲೇ ಬಂದರು. ಅವರ ಪ್ಯಾಂಟು, ಬೂಟು ಎಲ್ಲ ತೊಯ್ದು ತೊಪ್ಪೆಯಾಯಿತು. ನಾನು ಜೀವಮಾನದಲ್ಲಿ ಅಷ್ಟು ಜೋರಾಗಿ ಜೀಪು ಓಡಿಸಿಲ್ಲ.

* * *

ನಂದಿತಾ ಎಲ್ಲ ಸಿದ್ಧ ಮಾಡಿಕೊಂಡಿದ್ದರು. ಅಪ್ಪನ ಸುದ್ದಿ ಹುಡುಗಿಗೆ ತಿಳಿಯದಿರಲೆಂದು ಹಿಂದಿನ ಬಾಗಿಲಿನಿಂದ ಒಳಗೆ ಕರೆದೊಯ್ದೆವು. ಎದೆಗೆ ಇ.ಸಿ.ಜಿ. ವೈರು, ತೋಳಿಗೆ ಡ್ರಿಪ್ಸ್. ವಾರ್ಡಿನ ಅಲಮಾರಿಯಿಂದ ಕ್ಯಾಲ್ಸಿಯಂ ಗ್ಲುಕೋನೇಟ್ ಇಂಜೆಕ್ಷನ್ನಿನ ಚಿಕ್ಕ ಬಾಟಲಿಗಳನ್ನು ಒಂದೊಂದೇ ಒಡೆದು, ಸ್ಕ್ಯಾನಿಂಗಿಗೆ ಹಚ್ಚುವ ಜೆಲ್ಲಿಗೆ ಬೆರೆಸಿದರು. ಆ ಜೆಲ್ಲಿಯನ್ನು ಆಪರೇಷನ್ ಗ್ಲೌಸಿನೊಳಗೆ ತುಂಬಿ, ಹುಡುಗಿಯ ಕೈಗೆ ಗ್ಲೌಸನ್ನೇ ತೊಡಿಸಿದರು. ಕೈ ಔಷಧಿಯಲ್ಲೇ ಮುಳುಗಿರಬೇಕು, ಜೆಲ್ಲಿಯನ್ನು ಆಗಾಗ ಬದಲಿಸುತ್ತಿರಬೇಕು. ನೋವು ನಿಂತರೆ ಔಷಧಿ ನಾಟಿದೆ ಎಂದರ್ಥ. ಅದಕ್ಕೇ ನೋವಿನ ಇಂಜೆಕ್ಷನ್ ಕೊಡುವುದಿಲ್ಲ ಎಂದರು.

ಮುಕ್ಕಾಲು ಗಂಟೆ ಕಳೆಯಿತು. ಕವನ ಮೊದಲ ಸಲ ಉಸಿರು ಬಿಟ್ಟು ದಿಂಬಿಗೆ ತಲೆ ಕೊಟ್ಟಳು.

ನಂದಿತಾ ಗೋಡೆ ಕಡೆ ತಿರುಗಿ ನಿಂತರು. ಅಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ಕೋಪ.

"ನಿನ್ನೆ ರಾತ್ರಿಯೂ ಈ ಔಷಧಿ ಇದೇ ಅಲಮಾರಿಯಲ್ಲಿತ್ತು," ಎಂದರು. "ಮಾರಯ್ಯನ ಮಂಚದಿಂದ ನಾಲ್ಕು ಹೆಜ್ಜೆ."

ಮೇಡಂ ಆ ಗ್ಲೌಸನ್ನೇ ನೋಡುತ್ತಿದ್ದರು. ಆಸಿಡ್ ಬರೀ ಒಂದು ಬೆರಳಿಗೆ ತಗುಲಿದ್ದರೆ ಹೇಗೆ ಕಟ್ಟುತ್ತೀರಿ ಎಂದು ಮೆಲ್ಲಗೆ ಕೇಳಿದರು. ಗ್ಲೌಸಿನ ಒಂದು ಬೆರಳು ಕತ್ತರಿಸಿ ಜೆಲ್ಲಿ ತುಂಬಿ ತೊಡಿಸುತ್ತೇವೆ, ಮೇಲೆ ಪಟ್ಟಿ ಸುತ್ತುತ್ತೇವೆ ಎಂದರು ನಂದಿತಾ. ಸುತ್ತಿಗೆ ಏಟಿಗೆ ಹಾಗೆ ಕಟ್ಟುವುದುಂಟೇ ಎಂದರು ಮೇಡಂ. ಯಾರೂ ಕಟ್ಟುವುದಿಲ್ಲ ಎಂದರು ಡಾಕ್ಟರು.

ನನಗೆ ಆಗಲೂ ತಲೆಗೆ ಹೋಗಲಿಲ್ಲ. ಬಸವಣ್ಣನ ಮೇಲಿನ ಸಿಟ್ಟು ಕಣ್ಣಿಗೆ ಅಡ್ಡವಾಗಿತ್ತು. ಮೇಡಂ ಕವನಳ ಮಿನುಗುವ ಬಳೆಗಳಲ್ಲಿ ಒಂದನ್ನು ಬಿಚ್ಚಿಸಿ ತಂದರು. ಪ್ಲಾಸ್ಟಿಕ್ ಮಗ್ಗಿಗೆ ಕ್ಯಾನಿನ ಆಸಿಡ್ ಒಂದಿಷ್ಟು ಸುರಿಸಿ, ಬಳೆಯನ್ನು ಅದರಲ್ಲಿ ಬಿಡಲು ಹೇಳಿದರು. ಅರ್ಧ ಗಂಟೆಯಾದ ಮೇಲೆ ಕಡ್ಡಿಯಲ್ಲಿ ಎತ್ತಿ ನೀರಲ್ಲಿ ತೊಳೆದೆ. ಬಳೆ ಮೊದಲಿನ ಹಾಗೇ ಮಿನುಗಿತು.

ಅಂದರೆ ಈ ಕ್ಯಾನಿನಲ್ಲಿರುವುದು ನಿಜವಾಗಿ ಬಾತ್‌ರೂಮ್ ಆಸಿಡ್. ಅಪ್ಪ ಮಗಳನ್ನು ಸುಟ್ಟದ್ದು ಇದಲ್ಲ. ಯಾರೋ ಕ್ಯಾನ್ ಬದಲಿಸಿದ್ದಾರೆ.

"ನಂಜನಗೂಡಿಗೆ ನಡೀರಿ ಶಿವಮೂರ್ತಿಯವರೆ," ಎಂದರು ಮೇಡಂ. ಹೋಗುವ ಮುನ್ನ ಕಾನ್‌ಸ್ಟೆಬಲ್‌ಗೆ, ವರಾಂಡದಲ್ಲಿರುವ ಯಾರೂ ಆಸ್ಪತ್ರೆ ಬಿಟ್ಟು ಹೋಗಕೂಡದು ಎಂದು ಹೇಳಿದರು.

* * *

ಬಸವಣ್ಣನವರಿಗೆ ಎಪ್ಪತ್ತು ದಾಟಿತ್ತು. ಹಣೆತುಂಬ ವಿಭೂತಿ. ನನ್ನ ಒಂದು ಫೋನಿನಿಂದಾಗಿ ಬೆಳಗಿನಿಂದ ಠಾಣೆಯ ಬೆಂಚಿನ ಮೇಲೆ ಕಳ್ಳರ ಪಕ್ಕ ಕೂತಿದ್ದರು. ನೀರು ಕೂಡ ಕುಡಿದಿರಲಿಲ್ಲ. ನಾನು ನೆಲ ನೋಡಿಕೊಂಡು ನಿಂತೆ.

ಕ್ಯಾನ್ ಯಾವಾಗ ಮಾರಿದಿರಿ ಎಂದು ಮೇಡಂ ಕೇಳಿದರು. ಮುದುಕರು ತಡವರಿಸಲಿಲ್ಲ.

"ನಿನ್ನೆ ಸಂಜೆ ತಾಯಿ. ದೀಪ ಹಚ್ಚೋ ಹೊತ್ತು. ದೀಪ ಹಚ್ಚಿ ಮಂಗಳಾರತಿ ಆಗೋವರೆಗೂ ನಾನು ಅಂಗಡಿ ಸಾಮಾನು ಕೈಯೆತ್ತಿ ಕೊಡೋಲ್ಲ. ಆ ಹುಡುಗ ಅರ್ಜೆಂಟು ಅಂತ ಜಗಳಕ್ಕೇ ಬಂದ. ಬೆರಳಿಗೆ ಪಟ್ಟಿ ಕಟ್ಕೊಂಡಿದ್ದ."

ಸಂಜೆ ಆರೂವರೆ. ಮಾರಯ್ಯ ಸುಟ್ಟುಕೊಂಡದ್ದು ಮಧ್ಯಾಹ್ನ ಹನ್ನೆರಡು. ಆರೂವರೆ ಗಂಟೆ ತಡವಾಗಿ ಕೊಂಡ ಆಸಿಡ್ ಅವನನ್ನು ಸುಡುವುದು ಹೇಗೆ? ಆಗ ನನ್ನ ಕಣ್ಣು ತೆರೆಯಿತು. ಬಸವಣ್ಣನವರ ಕೈ ಹಿಡಿದು ತಪ್ಪಾಯಿತು ಎಂದೆ. ಅವರು ಏನೂ ಅನ್ನದೆ ಶಲ್ಯ ಹೊದ್ದು ಹೊರಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಬೆರಳಿಗೆ ಆಗಲೇ ಪಟ್ಟಿ ಇತ್ತು ಎಂದರೆ ಅಂಗಡಿಗೆ ಬರುವ ಮೊದಲೇ ಕಟ್ಟಿಸಿಕೊಂಡಿದ್ದಾನೆ. ಇಂಥ ಆಸಿಡ್ ಬಳಸುವುದು ಕಾರ್ಖಾನೆಗಳಲ್ಲಿ ಎಂದು, ಕೈಗಾರಿಕಾ ಪ್ರದೇಶದ ಹತ್ತಿರದ ಕ್ಲಿನಿಕ್ಕುಗಳನ್ನು ವಿಚಾರಿಸಿದೆವು. ಎರಡನೆಯದರಲ್ಲಿ ಸಿಕ್ಕಿತು. ರಿಜಿಸ್ಟರಿನಲ್ಲಿ ಬರೆದಿತ್ತು: ಮದನ್, ಮೂವತ್ನಾಲ್ಕು ವರ್ಷ, ಎಡಗೈ ಉಂಗುರಬೆರಳು, ಹೈಡ್ರೋಫ್ಲೋರಿಕ್ ಆಸಿಡ್. ಮಂಗಳವಾರ ಸಂಜೆ ಐದೂ ಇಪ್ಪತ್ತು.

ಅಲ್ಲಿನ ವಯಸ್ಸಾದ ಡಾಕ್ಟರಿಗೆ ಅವನ ಗುರುತು ಚೆನ್ನಾಗಿತ್ತು. ಮೊದಲು ಮದನ್ ಅಲ್ಲೇ ಒಂದು ಸ್ಟೀಲ್ ಪಾತ್ರೆ ಕಾರ್ಖಾನೆಯ ಆಸಿಡ್ ವಿಭಾಗದಲ್ಲಿದ್ದ. ಒಂದು ತೊಟ್ಟು ಬಿದ್ದರೂ ಓಡಿ ಬರಬೇಕೆಂದು ಅಲ್ಲಿನವರಿಗೆ ಡಾಕ್ಟರೇ ಪಾಠ ಹೇಳಿದ್ದರಂತೆ. ಮದನ್ ಬಂದವನೇ ಆಸಿಡ್‌ನ ಹೆಸರು ಹೇಳಿ, ಕ್ಯಾಲ್ಸಿಯಂ ಜೆಲ್ಲೇ ಬೇಕು ಎಂದು ಕೇಳಿದ. ಬೇರೆ ಯಾರಿಗಾದರೂ ತಗುಲಿದೆಯಾ ಎಂದು ಡಾಕ್ಟರು ಕೇಳಿದ್ದರು. ಯಾರಿಗೂ ಇಲ್ಲ ಎಂದಿದ್ದ.

"ಬೆಳಗಾಗೋವರೆಗೂ ಹಚ್ಕೊಳ್ತಿರು ಅಂತ ತುಂಬಿದ ಟ್ಯೂಬ್ ಕೊಟ್ಟು ಕಳಿಸಿದೆ," ಎಂದರು ಅವರು.

ಮೇಡಂ ಆ ಮಾತನ್ನು ಇನ್ನೊಂದು ಸಲ ಹೇಳಿಸಿ ಬರೆದುಕೊಂಡರು. ಮುಕ್ಕಾಲು ಗಂಟೆಯಲ್ಲಿ ನರಸೀಪುರ ಮುಟ್ಟಿದೆವು.

* * *

ನಾಲ್ಕು ಗಂಟೆ. ವರಾಂಡದಲ್ಲಿ ಮದನ್ ಗೋವಿಂದಮ್ಮನಿಗೆ ಇಡ್ಲಿ ಪೊಟ್ಟಣ ಬಿಚ್ಚಿಕೊಡುತ್ತಿದ್ದ. ತಿನ್ನಕ್ಕ, ಎಷ್ಟೊತ್ತು ಉಪವಾಸ ಇರ್ತೀಯ ಎನ್ನುತ್ತಿದ್ದ. ನಂದಿತಾ ಬಾಗಿಲಿಗೆ ಬಂದು ನಿಂತರು.

ಮೇಡಂ ಅವನನ್ನು ನಿಲ್ಲಿಸಿ ಅಂಗಿಯ ಜೇಬು ಖಾಲಿ ಮಾಡಲು ಹೇಳಿದರು. ಫೋನು, ಬೀಗದ ಕೈ, ಬಾಚಣಿಗೆ. ಒಳಜೇಬು ಎಂದರು. ಅವನು ಕದಲಲಿಲ್ಲ. ನಾನೇ ಕೈ ಹಾಕಿದೆ. ಅರ್ಧ ಹಿಂಡಿದ ಟ್ಯೂಬ್ ಬಂತು. ನಂದಿತಾ ಅದನ್ನು ಕಿತ್ತುಕೊಂಡು ಓದಿದರು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್.

ಮೇಡಂ ಹೇಳುತ್ತಾ ಹೋದರು. ದನಿ ಏರಿಸಲಿಲ್ಲ. ಶುಕ್ರವಾರದ ಮದುವೆಗೆ ನೆಲ ಆಗಬೇಕಿತ್ತು. ಮಾಮೂಲು ಆಸಿಡ್‌ನಲ್ಲಿ ಐದು ದಿನದ ಕೆಲಸ. ಮದನ್‌ಗೆ ಎರಡೇ ದಿನದಲ್ಲಿ ಆಗುವ ದಾರಿ ಗೊತ್ತಿತ್ತು. ಹಳೇ ಕಾರ್ಖಾನೆಯಿಂದ ಹೈಡ್ರೋಫ್ಲೋರಿಕ್ ಆಸಿಡ್ ಕ್ಯಾನನ್ನು ಕದ್ದು ತಂದ, ಅದರ ಚೀಟಿ ಕಿತ್ತ. ಸಂಜೆ ಮಾರಯ್ಯನಿಗೆ ಉರಿ ಶುರುವಾದಾಗ ಇವನ ಬೆರಳೂ ಉರಿಯಿತು. ಔಷಧಿ ತರ್ತೀನಿ ಎಂದು ನಂಜನಗೂಡಿಗೆ ಹೋಗಿ ತನ್ನ ಬೆರಳಿಗೆ ಮದ್ದು ಮಾಡಿಸಿಕೊಂಡ. ಬರುವಾಗ ಬಸವಣ್ಣನವರ ಅಂಗಡಿಯಲ್ಲಿ ಬಾತ್‌ರೂಮ್ ಆಸಿಡ್ ಕೊಂಡ. ಅರ್ಧ ಚೆಲ್ಲಿ, ಕದ್ದ ಕ್ಯಾನಿನ ಜಾಗದಲ್ಲಿಟ್ಟ. ಅದಾದ ಮೇಲೆ ಮಾರಯ್ಯನನ್ನು ಬೈಕ್ ಹತ್ತಿಸಿಕೊಂಡ.

"ಐದೂ ಇಪ್ಪತ್ತಕ್ಕೆ ಒಬ್ಬ ಡಾಕ್ಟರಿಗೆ ನಿಜ ಹೇಳಿದೆ," ಎಂದರು ಮೇಡಂ. "ಏಳೂವರೆಗೆ ಇನ್ನೊಬ್ಬ ಡಾಕ್ಟರಿಗೆ ಸುಳ್ಳು ಹೇಳಿದೆ. ಬೆರಳು ನಿನ್ನದಾಗಿತ್ತು. ಕಾಲು ಮಾರಯ್ಯನದಾಗಿತ್ತು."

ಮದನ್ ಗೋಡೆ ಹಿಡಿದುಕೊಂಡ. ಹೆಸರು ಹೇಳಿದ್ದರೆ ಎಲ್ಲಿಂದ ಬಂತು ಅಂತ ಕೇಳ್ತಿದ್ದರು ಎಂದ. ಕಳ್ಳತನದ ಕೇಸಾಗ್ತಿತ್ತು, ಕೆಲಸ ಹೋಗ್ತಿತ್ತು ಎಂದ. ಅಷ್ಟು ಚಿಕ್ಕ ಗಾಯ, ತಾನಾಗೇ ಸರಿ ಹೋಗುತ್ತೆ ಅಂದ್ಕೊಂಡೆ ಎಂದ.

"ನಿನ್ನ ಗಾಯ ಅದಕ್ಕಿಂತ ಚಿಕ್ಕದು," ಎಂದರು ಮೇಡಂ. "ಅದು ತಾನಾಗೇ ಸರಿ ಹೋಗುತ್ತೆ ಅಂತ ಯಾಕೆ ಅಂದ್ಕೊಳ್ಳಲಿಲ್ಲ?"

ನನ್ನ ಕೈ ಮೇಲೆದ್ದಿತ್ತು. ಮೇಡಂ ಒಂದು ನೋಟ ನೋಡಿದರು. ಕೈ ಇಳಿಸಿದೆ. ಇಳಿಸಿದ್ದು ಸರಿಯೋ ತಪ್ಪೋ ಇವತ್ತಿಗೂ ತೀರ್ಮಾನವಾಗಿಲ್ಲ.

ಗೋವಿಂದಮ್ಮ ಇಡ್ಲಿ ಪೊಟ್ಟಣವನ್ನು ನೆಲದ ಮೇಲಿಟ್ಟು ಎದ್ದಳು. ಅವನ ಎದುರಿಗೆ ಬಂದು ನಿಂತಳು. ಬಡಿಯುತ್ತಾಳೆ ಎಂದುಕೊಂಡೆ, ಬಡಿಯಲಿ ಎಂದೂ ಅಂದುಕೊಂಡೆ. ಅವಳು ಕೇಳಿದಳು.

"ರಾತ್ರಿಯೆಲ್ಲ ನೀನು ಅವ್ರ ಕೈ ಇಡ್ಕೊಂಡು ಕೂತಿದ್ದೆ. ಮದನಪ್ಪ, ನಂಗೇನಾಯ್ತದೆ ಅಂತ ನಿನ್ನೇ ಕೇಳುದ್ರಲ್ಲ. ಟ್ಯೂಬು ಜೇಬಲ್ಲಿ ಇತ್ತಲ್ಲ ಅವಾಗ. ನೀನು ಏನಂದೆ?"

ಮದನ್ ನೆಲದ ಮೇಲಿನ ಇಡ್ಲಿ ಪೊಟ್ಟಣವನ್ನು ನೋಡಿದ.

"ನಿದ್ದೆ ಮಾಡಣ್ಣ ಅಂದೆ."

* * *

ಕದ್ದ ಕ್ಯಾನು ಮಂಟಪದ ಹಿಂದಿನ ಗುಂಡಿಯಲ್ಲಿ ಸಿಕ್ಕಿತು. ಅದನ್ನು ಕಾರ್ಖಾನೆಯಿಂದ ದಾಟಿಸಿಕೊಟ್ಟ ಗೆಳೆಯನೂ ಎರಡು ದಿನದಲ್ಲಿ ಸಿಕ್ಕ. ನಂಜೇಶನ ಫೋನೂ ಸ್ವಿಚ್ ಆನ್ ಆಯಿತು. ಆಸಿಡ್ ಯಾವುದೆಂದು ತನಗೆ ಗೊತ್ತಿರಲಿಲ್ಲ ಎಂದ. ಹರಿದ ಗ್ಲೌಸಿಗೆ ಉತ್ತರ ಕೊಡಲು ಅವನೂ ಕೋರ್ಟಿಗೆ ಅಲೆಯುತ್ತಿದ್ದಾನೆ. ಬರೀ ನಿರ್ಲಕ್ಷ್ಯದ ಕೇಸು ಸಾಕು ಎಂದವರಿದ್ದರು. ಮೇಡಂ ಒಪ್ಪಲಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಒಂದು ಜೀವ ತೆಗೆದದ್ದು ನಿರ್ಲಕ್ಷ್ಯ ಅಲ್ಲ ಎಂದು ನರಹತ್ಯೆಯ ಸೆಕ್ಷನ್ನೇ ಹಾಕಿದರು.

ಕವನಳನ್ನು ಮೈಸೂರಿಗೆ ಕಳಿಸಿದರು. ಎಡಗೈಯ ಮೂರು ಉಗುರು ಹೋದವು, ಒಂದು ಬೆರಳ ತುದಿ ಸ್ವಲ್ಪ ಮೊಂಡಾಯಿತು. ಬೆರಳು ಐದೂ ಉಳಿದವು. ಅಪ್ಪ ಸತ್ತದ್ದನ್ನು ಹೇಳಿದ ದಿನ ಅವಳು ನಂದಿತಾರನ್ನು ಒಂದೇ ಒಂದು ಪ್ರಶ್ನೆ ಕೇಳಿದಳಂತೆ. ಈ ಔಷಧಿ ಹೊತ್ತಿಗೆ ಸರಿಯಾಗಿ ಸಿಕ್ಕಿದ್ದರೆ ಅಪ್ಪ ಉಳೀತಿತ್ತಾ? ನಾನಾಗಿದ್ದರೆ ಹಾರಿಕೆಯ ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದೆ. ನಂದಿತಾ ತಪ್ಪಿಸಿಕೊಳ್ಳಲಿಲ್ಲ. ಬಹುಶಃ ಉಳೀತಿದ್ರು ಎಂದರು.

ಮೂರು ವಾರದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಅವಳ ಹೇಳಿಕೆ ಬರೆಸುವುದಿತ್ತು. ಪೊಲೀಸರು ಒಳಗಿರುವಂತಿಲ್ಲ. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಆದದ್ದನ್ನು ಗುಮಾಸ್ತರು ಆಮೇಲೆ ಹೇಳಿದರು.

ಬರೆದದ್ದನ್ನು ಅವಳಿಗೆ ಓದಿ ಹೇಳಿದರು. ಔಷಧಿ ತರಲೆಂದು ಮದನ್ ಬೈಕಿನಲ್ಲಿ ಹೋದನು ಎಂಬ ಸಾಲು ಬಂದಾಗ ಅವಳು ತಡೆದಳು. ಅಲ್ಲಿಗೇ ನಿಲ್ಲಿಸಿದರೆ ಅವನೇನೋ ಒಳ್ಳೇದು ಮಾಡಲು ಹೋದ ಹಾಗೆ ಕೇಳುತ್ತದೆ ಎಂದಳು.

"ತತ್ತೀನಿ ಅಂತ ಓದ. ತಂದ. ಕೊಡ್ನಿಲ್ಲ. ಮೂರ್ನೂ ಬರ್ಕೊಳಿ ಸಾ."

ಮ್ಯಾಜಿಸ್ಟ್ರೇಟರು ಮೂರನ್ನೂ ಬರೆಸಿದರು. ಕೈಯ ಬ್ಯಾಂಡೇಜ್ ನೋಡಿ, ಸಹಿ ಹಾಕಲಾರಳೆಂದು ಗುಮಾಸ್ತರು ಹೆಬ್ಬೆಟ್ಟಿನ ಶಾಯಿ ಮುಂದಿಟ್ಟರಂತೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ, ಬಲಗೈಯಲ್ಲಿ ಪೆನ್ನು ತೆಗೆದುಕೊಂಡು, ಕವನ, ತಂದೆ ಮಾರಯ್ಯ ಎಂದು ನಿಧಾನವಾಗಿ ಬರೆದಳು.